ಹದಿನಾಲ್ಕು ತುಂಬಿದ ಮೇಲೆ



ಚಿಕ್ಕ ಮಕ್ಕಳ ಆಟಿಸಂ ಬಗ್ಗೆ ಈಗ ಕನ್ನಡದಲ್ಲಿಯೂ ಸಾಕಷ್ಟು ಬರಹಗಳು ಬರುತ್ತಿವೆ. ಎರಡು ವರ್ಷ ತುಂಬಿದರೂ ಮಗು ಮಾತನಾಡದಿದ್ದರೆ, ಹೆಸರು ಹಿಡಿದು ಕರೆದಾಗ ತಿರುಗಿ ನೋಡದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ ಎಂಬ ಮಾತು ಹಳ್ಳಿಗಳಿಗೂ ಮುಟ್ಟಿದೆ. ಸಂತೋಷ. ಆದರೆ ಆ ಮಗು ಹದಿನಾಲ್ಕು ತುಂಬಿ, ಮೀಸೆ ಚಿಗುರಿ, ದನಿ ಒಡೆದು, ಅಪ್ಪನ ಎತ್ತರಕ್ಕೆ ಬೆಳೆದು ನಿಂತಾಗ ಏನು ಮಾಡಬೇಕು ಎಂಬುದನ್ನು ಹೇಳುವವರು ವಿರಳ. ಅರಸೀಕೆರೆ, ಹಳೇಬೀಡು, ಬೇಲೂರುಗಳ ಸುತ್ತಮುತ್ತಲ ಪ್ರೌಢಶಾಲೆಗಳಲ್ಲಿ ಮೂರು ದಶಕಗಳಿಗೂ ಮೀರಿ ಕನ್ನಡ ಪಾಠ ಹೇಳಿದವನಾಗಿ ನಾನು ಕಂಡದ್ದು ಇದು: ಇಂತಹ ಮಕ್ಕಳು ನಮ್ಮ ಕೈತಪ್ಪಿ ಹೋಗುವುದು ಬಾಲ್ಯದಲ್ಲಿ ಅಲ್ಲ, ಎಂಟನೆಯ ತರಗತಿಗೂ ಹತ್ತನೆಯ ತರಗತಿಗೂ ನಡುವೆ. ಅಲ್ಲಿಯವರೆಗೆ ಎತ್ತಿ ಮುದ್ದಾಡಿದ ನೆಂಟರು ದೂರ ಸರಿಯುತ್ತಾರೆ. ಜೊತೆಯ ಹುಡುಗರಿಗೆ ಬೇರೆ ಗೆಳೆಯರು ಸಿಗುತ್ತಾರೆ. ಶಾಲೆಗೆ ಫಲಿತಾಂಶದ ಚಿಂತೆ ಹತ್ತುತ್ತದೆ. ಕೊನೆಗೆ ಮನೆಯ ಹಿಂದಿನ ಕೋಣೆಯೊಂದೇ ಆ ಹುಡುಗನ ಊರಾಗಿಬಿಡುತ್ತದೆ. ಇದು ವಿಧಿಯಿಂದ ಆಗುವುದಲ್ಲ, ನಾವು ಆಗಗೊಡುವುದರಿಂದ ಆಗುವುದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಅದನ್ನು ಹೇಳುವ ಸಲುವಾಗಿಯೇ ಈ ಬಾರಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಸರ್ಕಾರಿ ಕಾಗದಗಳಲ್ಲಿ ಇದಕ್ಕೆ 'ಸ್ವಲೀನತೆ' ಎಂಬ ಪದವಿದೆ. ಗ್ರೀಕಿನ 'ಆಟೋಸ್', ಅಂದರೆ 'ತಾನು' ಎಂಬುದರಿಂದ ಬಂದ ಮಾತಿಗೆ ಅನುವಾದವೇನೋ ಸರಿಯೇ. ಆದರೆ ಕನ್ನಡ ಮೇಷ್ಟರಾದ ನನಗೆ ಅದು ಒಪ್ಪಿಗೆಯಾಗಿಲ್ಲ. ತನ್ನಲ್ಲಿಯೇ ಲೀನನಾದವನು ಎಂದೊಡನೆ ಯಾರೂ ಬೇಡದ, ಯಾರ ಹಂಗೂ ಇಲ್ಲದ ತಪಸ್ವಿಯೊಬ್ಬನ ಚಿತ್ರ ಮನಸ್ಸಿಗೆ ಬರುತ್ತದೆ. ನಾನು ಕಂಡ ಮಕ್ಕಳು ಹಾಗಿರಲಿಲ್ಲ. ಅವರಿಗೆ ಗೆಳೆಯರು ಬೇಕಾಗಿತ್ತು, ಗೆಳೆತನ ಮಾಡುವ ದಾರಿ ಮಾತ್ರ ತಿಳಿದಿರಲಿಲ್ಲ.

ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೋ ಕ್ಯಾನರ್ ಎಂಬ ವೈದ್ಯರು ೧೯೪೩ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಬರೆದು ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಒಂದು ಜಾಗ ಮಾಡಿಕೊಟ್ಟರು. ಮರುವರ್ಷವೇ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಇಂಥದೇ ಬೇರೆ ಮಕ್ಕಳ ಬಗ್ಗೆ ಬರೆದರು. ೨೦೧೩ರಿಂದೀಚೆಗೆ ವೈದ್ಯರು ಇವೆಲ್ಲವನ್ನೂ ಒಂದೇ ಹರವಿನಲ್ಲಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಬ್ಬಿದ ಬಣ್ಣಗಳಂತೆ ಇಟ್ಟು ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೧ರಲ್ಲಿ ಜಗತ್ತಿನ ೧೨೭ ಜನರಲ್ಲಿ ಒಬ್ಬರು ಈ ಹರವಿನಲ್ಲಿದ್ದರು. ಮೊಬೈಲು ನೋಡಿ ಬಂದದ್ದು ಎನ್ನುವವರಿಗೆ ೧೯೪೩ ಎಂಬ ಇಸವಿಯನ್ನು ನೆನಪಿಸಿದರೆ ಸಾಕು. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಳೆಂಬ ಮಾತಂತೂ ಎಲ್ಲವನ್ನೂ ತಾಯಿಯ ತಲೆಗೆ ಕಟ್ಟುವ ಸುಲಭೋಪಾಯ. ಅದಕ್ಕೆ ಉತ್ತರ ಕೊಡುವುದೂ ಬೇಡ.

ಇನ್ನು ನಾನು ಕಂಡ ಒಬ್ಬ ಹುಡುಗನ ಸಂಗತಿ. ಇಪ್ಪತ್ತು ವರ್ಷಕ್ಕೂ ಹಿಂದಿನದು. ಹೆಸರು, ಹಳ್ಳಿ ಬೇಡ. ಇದನ್ನು ಓದುವವರಲ್ಲಿ ಅವನ ಸಹಪಾಠಿಗಳಿದ್ದಾರೆ, ಗುರುತು ಹತ್ತಿದರೆ ಮನಸ್ಸಿನಲ್ಲಿಯೇ ಇಟ್ಟುಕೊಳ್ಳಲಿ. ಅರಸೀಕೆರೆ ಕಡೆಯ ತೆಂಗಿನ ತೋಟದ ಮನೆಯವನು. ಎಂಟನೆಯ ತರಗತಿಗೆ ಬಂದಾಗ ಯಾರ ಮುಖವನ್ನೂ ನೋಡಿ ಮಾತನಾಡುತ್ತಿರಲಿಲ್ಲ. ಗಂಟೆ ಬಾರಿಸಿದೊಡನೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಕುಳಿತುಕೊಳ್ಳುವ ಜಾಗ ಒಂದಂಗುಲ ಬದಲಾದರೂ ಅಂದಿನ ಪಾಠ ಅವನ ಪಾಲಿಗೆ ಮುಗಿದಂತೆಯೇ.

ಆದರೆ ಛಂದಸ್ಸಿನ ಪಾಠ ಆರಂಭವಾದ ದಿನ ಅವನೇ ಬೇರೆಯಾದ. ಲಘು, ಗುರು, ಮಾತ್ರೆ, ಗಣ! ಕಂದ ಪದ್ಯದಲ್ಲಿ ಒಟ್ಟು ೬೪ ಮಾತ್ರೆ, ಭಾಮಿನಿ ಷಟ್ಪದಿಯಲ್ಲಿ ೧೦೨ ಎಂದು ಹೇಳಿದ್ದೇ ತಡ, ಪಠ್ಯಪುಸ್ತಕದ ಪದ್ಯಗಳನ್ನೆಲ್ಲ ಎಣಿಸಿಕೊಂಡು ಬಂದ. ಪುಸ್ತಕದಲ್ಲಿ ಒಂದು ಕಡೆ ಅಚ್ಚಿನ ದೋಷದಿಂದ ದೀರ್ಘವೊಂದು ಹ್ರಸ್ವವಾಗಿತ್ತು. ಒಂದು ಮಾತ್ರೆ ಕಡಿಮೆ ಬಂದದ್ದಕ್ಕೆ ಅವನಿಗೆ ರಾತ್ರಿ ನಿದ್ರೆ ಬರಲಿಲ್ಲವೆಂದು ಮನೆಯವರು ಹೇಳಿದರು. ನಾನು ಆ ಅಕ್ಷರಕ್ಕೆ ಕೆಂಪು ಶಾಯಿಯಲ್ಲಿ ದೀರ್ಘ ಕೊಟ್ಟು ಸಹಿ ಹಾಕಿದ ಮೇಲೆ ಸಮಾಧಾನವಾಯಿತು.

ಅದೇ ಹುಡುಗನಿಗೆ ಗಾದೆಯ ವಿಸ್ತರಣೆ ಕಬ್ಬಿಣದ ಕಡಲೆ. 'ಕೈ ಕೆಸರಾದರೆ ಬಾಯಿ ಮೊಸರು' ಎಂಬುದಕ್ಕೆ, ಕೆಸರಾದ ಕೈಯನ್ನು ಸಾಬೂನಿನಿಂದ ತೊಳೆದ ನಂತರವೇ ಮೊಸರು ಉಣ್ಣಬೇಕೆಂದು ಅರ್ಧ ಪುಟ ಬರೆದಿದ್ದ. 'ತಲೆ ತಿನ್ನಬೇಡ' ಎಂದು ಯಾರೋ ಗದರಿಸಿದಾಗ ಅಳುತ್ತಾ, ತಾನು ಏನನ್ನೂ ತಿಂದಿಲ್ಲವೆಂದು ಬಾಯಿ ತೆರೆದು ತೋರಿಸಿದ. ನಕ್ಕವರು ಬಹಳ ಮಂದಿ. ನುಡಿಗಟ್ಟುಗಳಿಲ್ಲದೆ ನಾವು ಒಂದು ದಿನವೂ ಮಾತನಾಡಲಾರೆವು, ಅವುಗಳಲ್ಲಿ ಒಂದಾದರೂ ಅಕ್ಷರಶಃ ನಿಜವಲ್ಲ. ಅದನ್ನು ನಂಬಿದವನನ್ನು ದಡ್ಡನೆನ್ನುತ್ತೇವೆ. ಅವನಿಗಾಗಿ ನಾನು ಒಂದು ನೋಟುಪುಸ್ತಕದಲ್ಲಿ ಎಡಗಡೆ ನುಡಿಗಟ್ಟು, ಬಲಗಡೆ ಅದರ ನಿಜವಾದ ಅರ್ಥ ಎಂದು ಬರೆಸಿದೆ. 'ಹೊಟ್ಟೆಗೆ ಹಾಕಿಕೊಳ್ಳು' ಎಂದರೆ ಕ್ಷಮಿಸು. 'ಕಿವಿಗೊಡು' ಎಂದರೆ ಕೇಳು. ವರ್ಷ ಮುಗಿಯುವ ಹೊತ್ತಿಗೆ ನಾಲ್ಕು ನೂರು ದಾಟಿತ್ತು. ಪರಭಾಷೆಯನ್ನು ಕಲಿಯುವವನಂತೆ ಅವನು ತನ್ನ ತಾಯಿನುಡಿಯನ್ನೇ ಎರಡನೆಯ ಬಾರಿ ಕಲಿತ.

ಅವನ ತಾಯಿ ಒಮ್ಮೆ ಹೇಳಿದರು: "ಮೇಷ್ಟ್ರೇ, ನಮ್ಮುಡ್ಗ ಸುಳ್ಳು ಹೇಳಾಕಿಲ್ಲ, ಅದೇ ನಮ್ಗೆ ದೊಡ್ಡ ಕಷ್ಟ ಆಗೈತೆ. ಬಂದ ನೆಂಟ್ರಿಗೆ 'ನೀವು ಯಾವಾಗ ಹೋಗ್ತೀರಾ' ಅಂತ ಕೇಳ್ತಾನೆ."

"ಹಾಗೆ ಕೇಳಬೇಕು ಅಂತ ನಮ್ಮೆಲ್ಲರಿಗೂ ಅನ್ನಿಸಿರುತ್ತಮ್ಮ," ಎಂದೆ. ಆ ತಾಯಿ ನಕ್ಕದ್ದನ್ನು ನಾನು ನೋಡಿದ್ದು ಅಂದೇ ಮೊದಲು.

ಪಾಠ ಕಷ್ಟವಾಗಿರಲಿಲ್ಲ, ಕಷ್ಟವಾಗಿದ್ದದ್ದು ವಯಸ್ಸು. ಎಂಟನೆಯ ತರಗತಿಯಲ್ಲಿ ಅವನನ್ನು ಸುಮ್ಮನೆ ಬಿಟ್ಟಿದ್ದ ಹುಡುಗರೇ ಒಂಬತ್ತನೆಯ ತರಗತಿಯಲ್ಲಿ ಅವನನ್ನು ಆಟದ ಸಾಮಾನು ಮಾಡಿಕೊಂಡರು. ಅರ್ಥ ತಿಳಿಯದ ಹೊಲಸು ಮಾತುಗಳನ್ನು ಹೇಳಿಕೊಟ್ಟು ಉಪಾಧ್ಯಾಯಿನಿಯರ ಮುಂದೆ ಹೇಳಿಸುತ್ತಿದ್ದರು. ಅವನು ಹೇಳುತ್ತಿದ್ದ, ಹೇಳಿದರೆ ಅವರು ನಗುತ್ತಾರೆ, ನಕ್ಕರೆ ಗೆಳೆಯರು ಎಂಬ ಲೆಕ್ಕ ಅವನದು. ಹೇಳಿಕೊಟ್ಟವರಿಗೆ ಏನೂ ಆಗುತ್ತಿರಲಿಲ್ಲ, ಹೇಳಿದವನಿಗೆ ಪೆಟ್ಟು. ಸಹಪಾಠಿಯೊಬ್ಬ ಮಾತ್ರ, ಆತ ಈಗ ರೈಲ್ವೆ ಇಲಾಖೆಯಲ್ಲಿದ್ದಾನೆ, ಪಕ್ಕದಲ್ಲಿ ಕುಳಿತು ಮೆಲ್ಲಗೆ "ಲೋ, ಇದು ತಮಾಷೆ ಕಣೋ, ಹೇಳ್ಬೇಡ" ಎನ್ನುತ್ತಿದ್ದ. ಆ ಒಂದು ಪಿಸುಮಾತು ನಮ್ಮ ಇಡೀ ಸಿಬ್ಬಂದಿ ಕೊಠಡಿ ಮಾಡಿದ್ದಕ್ಕಿಂತ ಹೆಚ್ಚಿನ ಕೆಲಸ ಮಾಡಿತು.

ಕ್ಯಾನರ್ ವರ್ಣಿಸಿದ ಹನ್ನೊಂದು ಮಕ್ಕಳಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ೧೯೩೩ರಲ್ಲಿ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. ಶಾಲಾಕಟ್ಟಡದ ಗೋಡೆಯತ್ತ ಒಮ್ಮೆ ಕಣ್ಣು ಹಾಯಿಸಿ ಇಟ್ಟಿಗೆಗಳೆಷ್ಟೆಂದು ಹೇಳಿಬಿಟ್ಟನೆಂಬ ಕಥೆ ಆ ಊರಿನಲ್ಲಿ ದಶಕಗಳ ಕಾಲ ಪ್ರಚಲಿತವಾಗಿತ್ತು. ಮುಪ್ಪಿನಲ್ಲಿ ಅವನನ್ನು ಕಂಡ ಪತ್ರಕರ್ತರಾದ ಜಾನ್ ಡಾನ್ವನ್ ಮತ್ತು ಕ್ಯಾರೆನ್ ಝುಕರ್ ೨೦೧೦ರಲ್ಲಿ ಅದರ ನಿಜವನ್ನು ಬರೆದರು. ಆ ಸಂಖ್ಯೆಯನ್ನು ಅವನು ಸುಮ್ಮನೆ ಬಾಯಿಗೆ ಬಂದಂತೆ ಹೇಳಿದ್ದನಂತೆ. ಏಕೆಂದರೆ ಕೇಳಿದ ಹುಡುಗರು ತನ್ನನ್ನು ಮೆಚ್ಚಲಿ ಎಂಬ ಆಸೆ ಅವನಿಗಿತ್ತು! ಇದನ್ನು ಓದಿದಾಗ ನನಗೆ ನಮ್ಮ ಹುಡುಗನ ನೆನಪಾಗದೆ ಹೇಗಿದ್ದೀತು? 'ಸ್ವಲೀನ' ಎಂಬ ಪದವನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಡೊನಾಲ್ಡನ ಕಥೆಯಲ್ಲಿ ಇನ್ನೊಂದು ಭಾಗವಿದೆ. ಬಾಲ್ಯದ ಕೆಲವು ವರ್ಷಗಳನ್ನು ಅವನು ಒಂದು ರೈತ ದಂಪತಿಯ ಮನೆಯಲ್ಲಿ ಕಳೆದ. ಕಂಡದ್ದನ್ನೆಲ್ಲ ಅಳೆಯುವ ಅವನ ಚಟವನ್ನು ಬಿಡಿಸುವ ಬದಲು, ಅವರು ಬಾವಿಯ ಆಳವನ್ನು ಅಳೆಯುವ ಕೆಲಸ ಕೊಟ್ಟರು. ಜೋಳದ ಸಾಲುಗಳನ್ನು ಎಣಿಸುತ್ತಲೇ ಇರುವುದನ್ನು ಕಂಡು, ಉಳುತ್ತಾ ಎಣಿಸು ಎಂದು ನೇಗಿಲನ್ನೇ ಕೈಗೆ ಕೊಟ್ಟರು. ಅವರೇನೂ ತಜ್ಞರಲ್ಲ. ನಂತರ ಡೊನಾಲ್ಡ್ ಪ್ರೌಢಶಾಲೆ, ಕಾಲೇಜುಗಳನ್ನು ಮುಗಿಸಿದ, ಊರಿನ ಬ್ಯಾಂಕಿನಲ್ಲಿ ದುಡಿದ, ಕಾರು ಓಡಿಸಲು ಕಲಿತ, ದೇಶದೇಶಗಳನ್ನು ಸುತ್ತಿದ, ೨೦೨೩ರಲ್ಲಿ ೮೯ನೆಯ ವಯಸ್ಸಿನಲ್ಲಿ ತನ್ನೂರಿನಲ್ಲಿಯೇ ತೀರಿಕೊಂಡ. ಆ ಬ್ಯಾಂಕು ಅವನ ಮನೆತನದ್ದೇ ಎಂಬುದನ್ನೂ ಹೇಳಿಬಿಡಬೇಕು. ಹಣವುಳ್ಳವರ ಮಗನಿಗೆ ಊರು ತೋರಿಸುವ ತಾಳ್ಮೆಯನ್ನು ಕೂಲಿಯವರ ಮಗನಿಗೂ ತೋರಿಸುತ್ತದೆಯೇ ಎಂದು ಕೇಳಿದರೆ ನಾನು ಸುಮ್ಮನಾಗಬೇಕಾಗುತ್ತದೆ. ಆದರೂ ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರು ಇಂತಹವರಿಗೆ ಮಹಾನಗರಕ್ಕಿಂತ ಒಳ್ಳೆಯ ಜಾಗವಾಗಬಲ್ಲದು ಎಂಬುದಕ್ಕೆ ಅವನ ಬದುಕು ಸಾಕ್ಷಿ. ಅರಸೀಕೆರೆಯೂ ಅಂಥ ಊರೇ ಅಲ್ಲವೇ?

ಈಗ ಸ್ವಲ್ಪ ಕಹಿ ಮಾತು. ೨೦೧೯ರಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ನಮ್ಮ ಹಾಸನ ಜಿಲ್ಲೆ ರಾಜ್ಯಕ್ಕೇ ಪ್ರಥಮ ಸ್ಥಾನ ಪಡೆದಾಗ ನಾನೂ ಹೆಮ್ಮೆಪಟ್ಟವನು. ಸಂಜೆ ತರಗತಿ ನಡೆಸಿ, ಮನೆಮನೆಗೆ ಹೋಗಿ ಮಕ್ಕಳನ್ನು ಓದಿಗೆ ಕೂರಿಸಿದ ಉಪಾಧ್ಯಾಯರ ಶ್ರಮ ಅದರ ಹಿಂದಿತ್ತು. ಆ ಶ್ರಮದ ಬಗ್ಗೆ ನನ್ನ ಆಕ್ಷೇಪವಿಲ್ಲ. ಆದರೆ ಶೇಕಡಾವಾರಿನ ಗೀಳು ರಾಜ್ಯದ ಶಾಲೆಗಳಿಗೆ ಹತ್ತಿದ್ದು ನಿನ್ನೆ ಮೊನ್ನೆಯಲ್ಲ. ನೂರಕ್ಕೆ ನೂರು ಎಂದು ಫಲಕ ಹಾಕಿಸಬೇಕಾದ ಶಾಲೆಗೆ, ಉತ್ತರ ಗೊತ್ತಿದ್ದರೂ ಮೂರು ಗಂಟೆಯಲ್ಲಿ ಬರೆಯಲಾರದ ಹುಡುಗನೊಬ್ಬ ಹೊರೆಯಾಗಿ ಕಾಣುತ್ತಾನೆ. ಹೊರಗೆ ಹಾಕಿದೆವೆಂದು ಯಾರೂ ಹೇಳುವುದಿಲ್ಲ. "ಇವನಿಗೆ ಇಲ್ಲಿ ಹಿಂಸೆಯಾಗುತ್ತೆ, ಮನೇಲೇ ಓದಿಸಿ, ಪ್ರೈವೇಟಾಗಿ ಕಟ್ಟಿಸಿ" ಎಂದು ಒಂಬತ್ತನೆಯ ತರಗತಿಯ ಕೊನೆಯಲ್ಲಿ ಪ್ರೀತಿಯ ದನಿಯಲ್ಲಿಯೇ ಸಲಹೆ ಬರುತ್ತದೆ. ನಾನು ಹೇಳಿದ ಹುಡುಗನ ತಂದೆಗೂ ಇಂತಹ ಸಲಹೆ ಬಂದಿತ್ತು. ಅವರು ಒಪ್ಪಲಿಲ್ಲ. ಅಂಗಳದಲ್ಲಿ ನಿಂತು, "ನನ್ನ ಮಗ ಫೇಲಾದ್ರೂ ಇಲ್ಲೇ ಆಗ್ಲಿ ಸಾರ್" ಎಂದರು. ಎರಡನೆಯ ಪ್ರಯತ್ನದಲ್ಲಿ ಅವನು ತೇರ್ಗಡೆಯಾದ.

ಆಗ ಜಾರಿಯಲ್ಲಿದ್ದ ೧೯೯೫ರ ಅಂಗವಿಕಲರ ಕಾಯಿದೆಯು ಪಟ್ಟಿ ಮಾಡಿದ್ದ ಏಳು ಬಗೆಗಳಲ್ಲಿ ಆಟಿಸಂ ಸೇರಿರಲಿಲ್ಲ. ಆ ತಂದೆಯ ಬಳಿ ಹಟವೊಂದನ್ನು ಬಿಟ್ಟರೆ ಬೇರೆ ಆಯುಧವಿರಲಿಲ್ಲ. ಇಂದಿನ ತಂದೆತಾಯಿಯರ ಬಳಿ ಇದೆ. ೨೦೧೬ರ ಕಾಯಿದೆಯ ೨೧ ಬಗೆಗಳಲ್ಲಿ ಆಟಿಸಂ ಸೇರಿದೆ. ಶೇಕಡಾ ೪೦ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರವಿರುವ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಹದಿನಾಲ್ಕಕ್ಕೆ ಮುಗಿಯುವುದಲ್ಲ, ಹದಿನೆಂಟರವರೆಗೆ! ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ, ಇವೆಲ್ಲ ಆ ಕಾಯಿದೆಯ ೧೭ನೆಯ ಸೆಕ್ಷನ್ನಿನಲ್ಲಿಯೇ ಬರೆದಿವೆ. ಗಂಟೆಗೆ ೨೦ ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಅವಧಿ ಕೊಡಬೇಕೆಂದು ೨೦೧೮ರ ಕೇಂದ್ರ ಮಾರ್ಗಸೂಚಿ ಹೇಳುತ್ತದೆ. ಮೂರು ಗಂಟೆಯ ಪತ್ರಿಕೆಗೆ ಪೂರ್ತಿ ಒಂದು ಗಂಟೆಯಾಯಿತು. ಇವುಗಳಲ್ಲಿ ಯಾವುದೂ ತಾನಾಗಿ ಬರುವುದಿಲ್ಲ. ಹತ್ತನೆಯ ತರಗತಿಯ ಆರಂಭದಲ್ಲಿಯೇ ಪ್ರಮಾಣಪತ್ರದ ಪ್ರತಿಯೊಡನೆ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಕೊಟ್ಟು, ಸ್ವೀಕೃತಿಯ ಸಹಿ ಪಡೆಯಬೇಕು. ಬಾಯಿಮಾತಿನಲ್ಲಿ ಬಿಡಬೇಡಿ.

ವಿಶೇಷ ಶಿಕ್ಷಕರ ಕೊರತೆಯಂತೂ ಎಲ್ಲರಿಗೂ ತಿಳಿದದ್ದೇ. ಇಂತಹ ಹತ್ತು ಮಕ್ಕಳಿಗೆ ಪ್ರಾಥಮಿಕದಲ್ಲಿ ಒಬ್ಬರು, ಪ್ರೌಢಶಾಲೆಯಲ್ಲಿ ಹದಿನೈದಕ್ಕೆ ಒಬ್ಬರು ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟು ೨೦೨೧ರಲ್ಲಿ ಹೇಳಿತು. ೨೦೨೫ರ ಮಾರ್ಚಿನಲ್ಲಿ ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿರೆಂದು ರಾಜ್ಯಗಳಿಗೆ ಮತ್ತೆ ತಾಕೀತು ಮಾಡಬೇಕಾಯಿತು. ಅವರು ಬರುವವರೆಗೆ ತರಗತಿಯಲ್ಲಿರುವ ಮೇಷ್ಟರೇ ಗತಿ.

ಶಾಲೆಯ ಮಾತು ಇಷ್ಟಾಯಿತು. ಮನೆಯೊಳಗಿನ ಮಾತು ಇನ್ನೂ ಕಷ್ಟದ್ದು. ಬೇಲೂರಿನ ಕಡೆ ನಮ್ಮ ಬಂಧುಗಳ ಮನೆಯಲ್ಲಿ ಒಬ್ಬ ಹುಡುಗಿಯಿದ್ದಾಳೆ, ಈಗ ಹದಿನಾರು. ನಾಲ್ಕಾರು ಪದಗಳಿಗಿಂತ ಹೆಚ್ಚು ಆಡುವುದಿಲ್ಲ. ಅವಳು ಮೈನೆರೆಯುವ ಕಾಲ ಹತ್ತಿರವಾದಂತೆ ಮನೆಯವರಿಗೆಲ್ಲ ದಿಗಿಲು. ರಕ್ತ ಕಂಡರೆ ಕೂಗಾಡುತ್ತಾಳೆ, ಎಲ್ಲರೆದುರು ಬಟ್ಟೆ ತೆಗೆದುಬಿಡುತ್ತಾಳೆ ಎಂಬ ಭಯ. ಹಿರಿಯರೊಬ್ಬರು ಗರ್ಭಕೋಶವನ್ನೇ ತೆಗೆಸಿಬಿಡಿ ಎಂದೂ ಅಂದರು. ಅವಳ ತಾಯಿ, ನನಗೆ ಸೊಸೆಯ ವರಸೆ, ಓದಿದ್ದು ಏಳನೆಯ ತರಗತಿ. ಆಕೆ ಒಂದು ವರ್ಷ ಮೊದಲೇ ಮಗಳಿಗೆ ಪ್ಯಾಡು ಇಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿಸಿದಳು. ಬಟ್ಟೆಯ ಮೇಲೆ ಕೆಂಪು ನೀರು ಹಾಕಿ ತೋರಿಸಿದಳು. ಬಚ್ಚಲ ಬಾಗಿಲ ಒಳಗಡೆ ಐದು ಚಿತ್ರಗಳನ್ನು ಸಾಲಾಗಿ ಅಂಟಿಸಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಚುಕ್ಕೆಯಿಡುವುದನ್ನು ಕಲಿಸಿದಳು. ಆ ದಿನ ಬಂದಾಗ ಹುಡುಗಿ ಕೂಗಲಿಲ್ಲ, ಹೋಗಿ ಕ್ಯಾಲೆಂಡರಿಗೆ ಚುಕ್ಕೆಯಿಟ್ಟಳು. ಇದನ್ನು ಬರೆಯಲು ಹಿಂಜರಿದಾಗ ಆಕೆಯೇ, "ಬರೀರಿ ಮಾವ, ಇನ್ನೊಬ್ರಿಗೆ ಉಪಯೋಗ ಆಗ್ಲಿ" ಎಂದಳು.

ಗಂಡುಹುಡುಗರಿಗೂ ಹಾಗೆಯೇ. ಯಾವುದು ಮುಚ್ಚಿದ ಬಾಗಿಲಿನ ಹಿಂದೆ ಮಾಡುವುದು, ಯಾರನ್ನು ಮುಟ್ಟಬಹುದು, ಬಸ್ಸಿನಲ್ಲಿ ಹೆಂಗಸರ ಪಕ್ಕ ಏಕೆ ಕೂರಬಾರದು, ಇವನ್ನೆಲ್ಲ ನೇರವಾದ ಮಾತಿನಲ್ಲಿ ಹೇಳಿಕೊಡಬೇಕು. ಸೂಚನೆ, ಕಣ್ಸನ್ನೆಗಳು ಅವರಿಗೆ ತಲಪುವುದಿಲ್ಲ. ಆರು ವರ್ಷದವನು ಅಪರಿಚಿತರನ್ನು ತಬ್ಬಿಕೊಂಡರೆ ಮುದ್ದು, ಹದಿನಾರರವನು ತಬ್ಬಿಕೊಂಡರೆ ಏಟು, ಪೊಲೀಸು. ನಿಯಮ ಯಾವಾಗ ಬದಲಾಯಿತೆಂದು ಅವನಿಗೆ ಯಾರೂ ತಿಳಿಸಿರುವುದಿಲ್ಲ! ಇನ್ನೊಂದು ಮಾತು: ಆಟಿಸಂ ಇರುವ ಕೆಲವರಿಗೆ ಹರೆಯದಲ್ಲಿಯೇ ಮೂರ್ಛೆರೋಗ ಮೊದಲು ಕಾಣಿಸಿಕೊಳ್ಳುತ್ತದೆ. ಕಣ್ಣು ನೆಟ್ಟು ನಿಂತುಬಿಡುವುದು, ಕೈಕಾಲು ಸೆಳೆಯುವುದು ಕಂಡರೆ ಹಟವೆಂದು ಬೈಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಹಾಸನದ ಜಿಲ್ಲಾ ಆಸ್ಪತ್ರೆಯಿದೆ. ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಅರಸೀಕೆರೆಯಿಂದ ಹಾಸನದ ಮೇಲೆ ನೇರ ರೈಲು ಮಾರ್ಗವೇ ಇದೆ.

ಮಾತಿಲ್ಲದವರಿಗೆ ಮನಸ್ಸೂ ಇಲ್ಲವೆಂದು ತಿಳಿಯುವವರಿಗೆ ಟೀಟೊ ಮುಖೋಪಾಧ್ಯಾಯನ ಹೆಸರನ್ನು ಹೇಳಬಯಸುತ್ತೇನೆ. ೧೯೮೯ರಲ್ಲಿ ಹುಟ್ಟಿದ ಈ ಹುಡುಗ ಬಾಲ್ಯವನ್ನು ಕಳೆದದ್ದು ನಮ್ಮ ಮೈಸೂರು, ಬೆಂಗಳೂರುಗಳಲ್ಲಿ. ಮಾತು ಅತ್ಯಲ್ಪ. ತಾಯಿ ಸೋಮಾ ಅಕ್ಷರದ ಹಲಗೆಯಿಂದ ಆರಂಭಿಸಿ ಬರೆಯಲು ಕಲಿಸಿದರು. ೨೦೦೦ದಲ್ಲಿ ಅವನ 'ಬಿಯಾಂಡ್ ದಿ ಸೈಲೆನ್ಸ್' ಎಂಬ ಪುಸ್ತಕ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಆ ತಾಯಿಯ ವಿಧಾನವನ್ನು ಎಲ್ಲ ಮಕ್ಕಳಿಗೂ ಅನ್ವಯಿಸುವುದರ ಬಗ್ಗೆ ತಕರಾರಿದೆ. ಅಮೆರಿಕದ ವಾಕ್‌ಚಿಕಿತ್ಸಕರ ಸಂಘವು ೨೦೧೮ರಲ್ಲಿ ಅದು ಬೇಡವೆಂದೇ ಹೇಳಿದೆ. ಹಾಗಾಗಿ ಅದನ್ನು ನಾನು ಶಿಫಾರಸು ಮಾಡಲಾರೆ. ಮಾತನಾಡದ ಮಗುವಿನ ಎದುರಿನಲ್ಲಿಯೇ ಅದರ ಬಗ್ಗೆ ಹಗುರವಾಗಿ ಮಾತನಾಡುವ ಮುನ್ನ ಎರಡು ಬಾರಿ ಯೋಚಿಸಿ ಎಂದಷ್ಟೇ ಹೇಳುತ್ತೇನೆ.

ಎಲ್ಲರಲ್ಲಿಯೂ ಒಂದು ವಿಶೇಷ ಪ್ರತಿಭೆ ಇದ್ದೇ ಇರುತ್ತದೆಂಬ ಈಚಿನ ನಂಬಿಕೆಯೂ ನನಗೆ ಹಿಡಿಸದು. ಛಂದಸ್ಸಿನ ಹುಡುಗ ಅಪರೂಪ. ಬೇಲೂರಿನ ಹುಡುಗಿಗೆ ಅಂಥದೇನೂ ಇಲ್ಲ, ಇರಬೇಕಾಗಿಯೂ ಇಲ್ಲ. ಮಿಕ್ಕ ಮಕ್ಕಳು ಊರಿನಲ್ಲಿ ಇರಲು ಪ್ರತಿಭೆಯ ರುಜುವಾತು ಕೊಡುತ್ತಾರೆಯೇ?

ಹಾಗೆಯೇ ಮದುವೆ. "ಒಂದು ಮದ್ವೆ ಮಾಡಿ, ಎಲ್ಲ ಸರಿಹೋಗುತ್ತೆ" ಎಂಬ ಹಿರಿಯರ ಮಾತಿಗೆ ನನ್ನ ವಿರೋಧವಿದೆ. ತಾನಾಗಿ ಬಯಸಿ, ಎದುರಿನವರಿಗೆ ಎಲ್ಲವೂ ತಿಳಿದು ಒಪ್ಪಿ ಆಗುವ ಮದುವೆ ಬೇರೆ. ಮದುವೆಯನ್ನೇ ಔಷಧಿ ಮಾಡಿ, ಏನೂ ತಿಳಿಯದ ಇನ್ನೊಬ್ಬರ ಮಗಳಿಗೆ ಕುಡಿಸುವುದು ಅನ್ಯಾಯ. ಹದಿನೆಂಟು ತುಂಬಿದ ಮೇಲೆ ತಂದೆತಾಯಿ ಮಾಡಬೇಕಾದ ಬೇರೆ ಕೆಲಸವಿದೆ. ತನ್ನ ವ್ಯವಹಾರವನ್ನು ತಾನು ನೋಡಿಕೊಳ್ಳಲಾರದ ಮಗುವಾದರೆ, ೧೯೯೯ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಜಿಲ್ಲಾಧಿಕಾರಿಗಳ ಸಮಿತಿಗೆ ಅರ್ಜಿ ಕೊಟ್ಟು ಪೋಷಕರನ್ನು ನೇಮಿಸಿಕೊಳ್ಳಬಹುದು.

ಆ ಹುಡುಗನಿಗೆ ಈಗ ಮೂವತ್ತೈದು ದಾಟಿದೆ. ಅವರ ಮನೆಯಲ್ಲಿ ಉಂಡೆ ಕೊಬ್ಬರಿಯ ವ್ಯಾಪಾರ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗುವ ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲುಗಾಡಿಸಿ, ನೀರು ಬತ್ತಿದೆಯೇ, ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ನೋಡಿ ಬೇರ್ಪಡಿಸುವ ಕೆಲಸ ಅವನದು. ಗಂಟೆಯ ಸದ್ದಿಗೆ ಮುಚ್ಚಿಕೊಳ್ಳುತ್ತಿದ್ದ ಅದೇ ಕಿವಿಗಳು. ಲೆಕ್ಕದ ಪುಸ್ತಕವೂ ಅವನ ಕೈಯಲ್ಲಿಯೇ ಇದೆ. ಗೆಳೆಯರು ಹೆಚ್ಚಿಲ್ಲ. ಕೆಲವು ದಿನ ಯಾರೊಡನೆಯೂ ಮಾತನಾಡುವುದಿಲ್ಲವೆಂದು ಅವನ ತಾಯಿ ಹೇಳುತ್ತಾರೆ. ತಮ್ಮ ನಂತರ ಏನು ಎಂಬ ಅವರ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ.

ಬೇಲೂರಿನ ಹುಡುಗಿಯನ್ನು ಚೈತ್ರದ ರಥೋತ್ಸವಕ್ಕೆ ಕರೆದೊಯ್ಯಬಹುದೇ ಎಂದು ನಿಮ್ಮಲ್ಲಿ ಒಬ್ಬಿಬ್ಬರು ಬಂಧುಗಳು ಕೇಳಿದ್ದಿರಿ. ಕಳೆದ ಎರಡು ವರ್ಷ ಮನೆಯವರು ಹೀಗೆ ಮಾಡಿದ್ದಾರೆ. ಬೆಳಗಿನ ಜಾವ, ಜನ ಸೇರುವ ಮೊದಲೇ ಹೋಗುತ್ತಾರೆ. ಹುಡುಗಿ ತೇರಿನ ಗಾಲಿಯನ್ನು ಮುಟ್ಟಿ, ಹಗ್ಗವನ್ನು ಒಮ್ಮೆ ಹಿಡಿದು ನೋಡುತ್ತಾಳೆ. ವಾದ್ಯಗಳು ಆರಂಭವಾಗುವ ಹೊತ್ತಿಗೆ ಮನೆ ಸೇರಿರುತ್ತಾರೆ. ಈ ಬಾರಿ ಹೂವಿನ ಅಂಗಡಿಯಾಕೆ ಅವಳನ್ನು ಹೆಸರು ಹಿಡಿದು ಕರೆದರಂತೆ.